ಹಂದಿಕಾಲು ಮತ್ತು ಪ್ರೊಫೆಸರ್ ಪದವಿ

ನಮ್ಮ ಶಿಕಾಗೋದ ದಕ್ಷಿಣ ಕೇರಿಯಲ್ಲಿ ಪ್ರೊಫೆಸರ್ ಆಗಲು ಕಾಲೇಜು ಮೆಟ್ಟಿಲು ಹತ್ತಬೇಕಾಗಿಲ್ಲ. ಬಾಡಿಗೆ ಹೊಂದಿಸಲು ಯಾರಾದರೂ ಶನಿವಾರ ಮನೆಯಲ್ಲಿ ಬಂದವರಿಂದ ಕಾಸು ತೆಗೆದುಕೊಂಡು ಕುಣಿತ ಇಟ್ಟುಕೊಂಡರೆ, ಅಲ್ಲಿ ಪಿಯಾನೋದ ಮೇಲೆ ಬೂಗಿ-ವೂಗಿ ಎಂಬ ಕುಣಿತದ ಸಂಗೀತ ಉರುಳಿಸುವವನೇ ಪ್ರೊಫೆಸರ್. ಕಸಾಯಿಖಾನೆಯಲ್ಲಿ ಹಂದಿ ಸೀಳಿ ಸೀಳಿ ತಲೆ ನರೆತ ನಾನು ಊರಿಗೆಲ್ಲ "ಏ ಹಾರ್ವೆಲ್". ಮೈಮುರಿದು ಒಂದು ದಿನವೂ ದುಡಿಯದೆ ಬರೀ ಪಿಯಾನೋ ಬಾರಿಸುವ ಟಾಲಿವರ್ ಮಾತ್ರ "ಪ್ರೊಫೆಸರ್, ಕೂತ್ಕೊಳ್ಳಿ, ಪ್ರೊಫೆಸರ್, ತಿನ್ನಿ". ಹೊಟ್ಟೆ ಉರಿಯದೆ ಇರಲು ನನ್ನದೇನು ಕಲ್ಲಿನ ಹೊಟ್ಟೆಯೇ?

ಯಾವ ಗುರುವಿಗೂ ತಲೆ ಬಾಗದೆ ನಾನೇ ಕಲಿತೆ. ಪಿಯಾನೋ ಮನೆಯಲ್ಲೇ ಇತ್ತು. ನನ್ನ ಹೆಂಡತಿ ಆರ್ಜೀಲಿಯಾ ಚರ್ಚಿನಲ್ಲಿ ಕೀರ್ತನೆ ನುಡಿಸುವವಳು. ಎಡಗೈ ರೈಲಿನ ಗಾಲಿಯಂತೆ ಒಂದೇ ಸುತ್ತು ತಿರುಗುತ್ತಿರಬೇಕು, ಬಲಗೈ ಅದರ ಮೇಲೆ ಮಂಗನಾಟ ಆಡಬೇಕು. ಇಷ್ಟೇ ವಿದ್ಯೆ!

"ಮಿಸ್ಟರ್ ಹಾರ್ವೆಲ್, ಅದು ಪಿಯಾನೋ, ಹಂದಿಯಲ್ಲ. ಆಗ್ಲೇ ಸತ್ತಿದೆ, ಬಿಟ್ಬಿಡಿ," ಎನ್ನುತ್ತಿದ್ದಳು ಅವಳು.

"ಎಡಗೈ ಹೇಗೆ ಓಡ್ತಿದೆ ನೋಡೇ!"

"ಓಡ್ತಿಲ್ಲ, ಕುಂಟ್ತಿದೆ. ಹೆಬ್ಬೆರಳು ಒಳಗಿಟ್ಕೊಳ್ಳಿ."

(ಬೂಗಿ ಸೈತಾನನ ಸಂಗೀತ ಎನ್ನುವವಳಿಗೆ ಹೆಬ್ಬೆರಳಿನ ಮರ್ಮ ಹೇಗೆ ಗೊತ್ತು? ಅಂದೇ ಕೇಳಬೇಕಿತ್ತು. ಹೆಂಡತಿಯನ್ನು ಕೇಳಿ ತಿಳಿದುಕೊಳ್ಳುವ ಜಾತಿ ನನ್ನದಲ್ಲ.)

ಕೊನೆಗೆ ನಮ್ಮ ಮನೆಯಲ್ಲೇ ಕುಣಿತ ಇಟ್ಟೆವು. ನಾನು ಕೂತೆ, ಉರುಳಿಸಿದೆ. ನೆಲ ಅದುರಿತು. "ಹಾಗೆ ಬಾರ್ಸು, ಪ್ರೊಫೆಸರ್!" ಎಂದು ಯಾರೋ ಕೂಗಿದರು. ಆಹಾ! ಅಲ್ಲಿಗೇ ಕೈ ಮುಗಿದು ಎದ್ದಿದ್ದರೆ ನಾನು ಇಂದಿಗೂ ಪ್ರೊಫೆಸರೇ.

ಆದರೆ ನಿಜವಾದ ಪ್ರೊಫೆಸರನ ಪರೀಕ್ಷೆ ಬೇರೆಯೇ. ಎಡಗೈ ನಿಲ್ಲದೆ ಉರುಳುತ್ತಿರುವಾಗ ಬಲಗೈಯಲ್ಲಿ ಬೇಯಿಸಿದ ಹಂದಿಕಾಲು ತಿಂದು ಮುಗಿಸಬೇಕು. ಎಡಗೈ ನಿಂತರೆ ಕುಣಿಯುವವರ ಕಾಲು ನಿಲ್ಲುತ್ತದೆ, ಪೀಠ ಇನ್ನೊಬ್ಬನ ಪಾಲಾಗುತ್ತದೆ.

"ತನ್ನಿ ಹಂದಿಕಾಲು!" ಎಂದೆ.

"ಕೈಬಟ್ಟೆ ಇಟ್ಕೊಂಡಿದೀಯೇನೋ?" ಎಂದ ಟಾಲಿವರ್.

"ಪ್ರೊಫೆಸರಿಗೇ ಪಾಠ ಹೇಳ್ತೀಯಾ?"

ತಿಂದೆ. ಎಲುಬನ್ನು ರಾಜಗಾಂಭೀರ್ಯದಿಂದ ಎಸೆದೆ. ಜಿಡ್ಡಿನ ಬಲಗೈಯನ್ನು ಪಿಯಾನೋದ ಕಪ್ಪು-ಬಿಳಿ ಮನೆಗಳ ಮೇಲಿಟ್ಟೆನೋ ಇಲ್ಲವೋ, ಅದು ಮಂಜುಗಡ್ಡೆಯ ಮೇಲೆ ಬಿದ್ದ ಕತ್ತೆಯಂತೆ ಈ ತುದಿಯಿಂದ ಆ ತುದಿಗೆ ಜಾರಿತು. ಗಾಬರಿಗೆ ಎಡಗೈಯೂ ನಿಂತಿತು. ಅರವತ್ತು ಕಾಲುಗಳೂ ನಿಂತವು. ಟಾಲಿವರ್ ಕುರ್ಚಿಯಿಂದ ಅರ್ಧ ಎದ್ದ.

"ಸರ್ಕೊಳ್ಳಿ ಆ ಕಡೆ," ಎಂದು ಆರ್ಜೀಲಿಯಾ ಸೊಂಟದಿಂದಲೇ ನನ್ನನ್ನು ಪೀಠದಿಂದ ತಳ್ಳಿದಳು. ಏಪ್ರನ್ನಿನಲ್ಲಿ ಮನೆಗಳನ್ನು ಒರೆಸಿ, ಕೈ ಇಟ್ಟಳು ನೋಡಿ, ಗೋಡೆಯ ಕನ್ನಡಿ ಮೊಳೆ ಬಿಟ್ಟು ಬಂತು!

"ಎಲ್ಲಿ ಕಲ್ತೆಯೇ ಇದನ್ನ?"

"ಟೆಕ್ಸಾಸಿನಲ್ಲಿ ಮರ ಕಡಿಯೋರ ಬಿಡಾರದಲ್ಲಿ ನಮ್ಮಪ್ಪ ಬಾರಿಸ್ತಿದ್ದ. ಅವನ ತೊಡೆ ಮೇಲೇ ಕಲ್ತೆ."

"ಇಷ್ಟು ವರ್ಷ ಒಂದು ಮಾತು ಹೇಳ್ಲಿಲ್ಲವಲ್ಲ!"

"ನೀವು ಯಾವತ್ತು ಕೇಳಿದ್ರಿ?"

ಈಗ ಎಲ್ಲಿ ಕುಣಿತವಿದ್ದರೂ ಕರೆ ಬರುವುದು ಅವಳಿಗೇ. (ಸೈತಾನನ ವಿಷಯ ಕೇಳಿದರೆ, "ಭಾನುವಾರ ನಿಧಾನವಾಗಿ ನುಡಿಸ್ತೀನಲ್ಲ" ಎನ್ನುತ್ತಾಳೆ.) ಪಿಯಾನೋದ ಬಲಕ್ಕೆ ತಟ್ಟೆ ಹಿಡಿದು ನಿಲ್ಲುವವನು ನಾನು. ಅವಳ ಎಡಗೈ ಒಂದು ಪೆಟ್ಟೂ ತಪ್ಪುವುದಿಲ್ಲ. ಬಲಗೈ ಹಂದಿಕಾಲು ಮುಗಿಸಿ ನನ್ನ ಅಂಗಿಯ ತೋಳಿಗೆ ಒರೆಸಿಕೊಂಡು ಮನೆಗಳ ಮೇಲೆ ಹಾರುತ್ತದೆ.

ಮೊನ್ನೆ ಹೊಸಬನೊಬ್ಬ ನನ್ನತ್ತ ಬೆರಳು ತೋರಿಸಿ, "ಅವನ್ಯಾರು?" ಎಂದ.

"ಅವನಾ?" ಎಂದ ಟಾಲಿವರ್. "ಪ್ರೊಫೆಸರಮ್ಮನ ಕೈಬಟ್ಟೆ."