ಸಮುದ್ರಕ್ಕೆ ಉಡಿ ತುಂಬಲು ಹೊರಟ ನಮ್ಮತ್ತೆ

ನಾವು ನಮ್ಮತ್ತೆಗೆ ಸಮುದ್ರ ತೋರಿಸಿಕೊಂಡು ಬಂದೆವು ಎಂದು ಕೊಪ್ಪಳದ ನಮ್ಮ ಓಣಿಯವರೆಲ್ಲ ತಿಳಿದಿದ್ದಾರೆ. ತಿಳಿದುಕೊಳ್ಳಲಿ ಪಾಪ! ನಿಜ ಹೇಳಬೇಕೆಂದರೆ ನಾವು ಸಮುದ್ರಕ್ಕೇ ನಮ್ಮತ್ತೆಯನ್ನು ತೋರಿಸಿಕೊಂಡು ಬಂದೆವು. ಅದು ಇನ್ನೂ ಸುಧಾರಿಸಿಕೊಂಡಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ.

ಅತ್ತೆ ಎಂದರೆ ನನ್ನ ಗಂಡನ ತಾಯಿಯಲ್ಲ, ನಮ್ಮಪ್ಪನ ತಂಗಿ. ಇರುವುದು ಯಲಬುರ್ಗಾದಲ್ಲಿ. ಆಕೆಯ ಲೆಕ್ಕದಲ್ಲಿ ಭೂಮಿಯ ಮೇಲೆ ಇರುವುದು ಎರಡೇ ಊರು. ಒಂದು ಯಲಬುರ್ಗಾ, ಇನ್ನೊಂದು ಯಲಬುರ್ಗಾ ಅಲ್ಲದ್ದು. ಎರಡನೆಯದರಲ್ಲಿ ಎಲ್ಲವೂ ತಪ್ಪಾಗಿಯೇ ನಡೆಯುತ್ತಿರುತ್ತದೆ, ಅದನ್ನು ತಿದ್ದುವ ಕೆಲಸ ತನ್ನದು ಎಂದು ಆಕೆಯ ನಂಬಿಕೆ. ಒಮ್ಮೆ ಸಾಣಾಪುರದ ಕೆರೆಗೆ ಕರೆದೊಯ್ದು ಹರಿಗೋಲಿನಲ್ಲಿ ಕೂರಿಸಿದ್ದೆವು. ಅಲ್ಲಿ ನಡುನೀರಿಗೆ ಹೋದ ಮೇಲೆ ಹರಿಗೋಲನ್ನು ಬುಗುರಿಯಂತೆ ಗರಗರ ತಿರುಗಿಸುತ್ತಾರೆ. ಮಂದಿ ಅದಕ್ಕೆಂದೇ ದುಡ್ಡು ಕೊಟ್ಟು, ಕಿರುಚಿ, ಖುಷಿಪಟ್ಟು ಬರುತ್ತಾರೆ. ಅತ್ತೆ ಹುಟ್ಟು ಹಿಡಿದವನ ಕೈಯನ್ನೇ ಹಿಡಿದಳು.

"ಯಾಕೋ ತಮ್ಮಾ, ದಾರಿ ತಪ್ಪಿದೇನು? ದಂಡಿ ಅಲ್ಲೇ ಕಾಣತೈತಲ್ಲ, ನೆಟ್ಟಗ ಹೊಡಿ!"

ಅವನು ನೆಟ್ಟಗೆ ಹೊಡೆದ. ಅವತ್ತು ಆ ಕೆರೆಯಲ್ಲಿ ತಿರುಗದೆ ದಡ ಸೇರಿದ ಹರಿಗೋಲು ನಮ್ಮದೊಂದೇ ಇರಬೇಕು.

ಇಂಥ ಅತ್ತೆ, ನನ್ನ ಗಂಡನ ಆಫೀಸಿನವರೊಬ್ಬರ ಮಗಳ ಮದುವೆಗೆ ನಾವು ಅಂಕೋಲಾಕ್ಕೆ ಹೊರಟಿದ್ದೇವೆ ಎಂದು ತಿಳಿದ ಕೂಡಲೇ ಬಸ್ಸು ಹತ್ತಿ ಕೊಪ್ಪಳಕ್ಕೆ ಬಂದಿಳಿದಳು. ನನಗೆ ಆಶ್ಚರ್ಯ. ಆಕೆಯ ಗಂಡ, ಅಂದರೆ ನಮ್ಮ ಮಾವ, ತೀರಿಕೊಂಡ ಮೇಲೆ ಆಕೆ ಮದುವೆಗೆ ಹೋದವಳೇ ಅಲ್ಲ.

"ಮದಿವಿಗೆ ಯಾರು ಬರತಾರ? ನಾ ಬರೂದು ಸಮುದ್ರಕ್ಕ," ಎಂದಳು. "ಅದಕ್ಕ ಉಡಿ ತುಂಬಬೇಕಾಗೇತಿ."

ಉಡಿ ತುಂಬುವುದು ನಮ್ಮ ಕಡೆ ಸಣ್ಣ ವಿಷಯವಲ್ಲ. ತವರಿನಿಂದ ಹೊರಟ ಮಗಳಿಗೆ, ಕುಬಸವೆಂಬ ಸೀಮಂತದ ಬಸುರಿಗೆ, ಮನೆಗೆ ಬಂದ ಮುತ್ತೈದೆಗೆ ಸೆರಗಿನಲ್ಲಿ ಅಕ್ಕಿ, ರವಿಕೆಯ ಖಣ, ಕೊಬ್ಬರಿ ಬಟ್ಟಲು, ಅರಿಶಿನದ ಬೇರು ಹಾಕಿ ಹರಸದೆ ಕಳಿಸುವುದಿಲ್ಲ. ಹೊಳೆ ತುಂಬಿ ಬಂದರೆ ಹೊಳೆಗೂ ತುಂಬುತ್ತೇವೆ. ಒಂದು ಕಾಲದಲ್ಲಿ ಅತ್ತೆಯಷ್ಟು ಚಂದ ಉಡಿ ತುಂಬುವವರು ಇಡೀ ಯಲಬುರ್ಗಾದಲ್ಲಿ ಇರಲಿಲ್ಲ. ಬಸುರಿಯರು ಆಕೆ ಬರುವವರೆಗೆ ಮಣೆಯ ಮೇಲೆ ಕಾಯುತ್ತ ಕೂತಿರುತ್ತಿದ್ದರು. ಮಾವ ಹೋದ ಮರುದಿನದಿಂದ ಆಕೆ ಉಡಿಯಕ್ಕಿ ಮುಟ್ಟಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಬೇಡ ಎಂದವರಲ್ಲ. ಕೈ ಹಿಡಿದು ಎಳೆದರೂ ಬರುತ್ತಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅಕ್ಕಿ ಕಮ್ಮಿ ಆತಲ್ಲೇ, ಕೈಬಿಚ್ಚಿ ಹಾಕ್ರಿ! ಖಣ ಮಡಚೂದು ಹಿಂಗೇನು?" ಎಂದು ಅಲ್ಲಿಂದಲೇ ದರ್ಬಾರು ನಡೆಸುತ್ತಿದ್ದಳು. ಹೊಸ್ತಿಲು ಮಾತ್ರ ದಾಟುತ್ತಿರಲಿಲ್ಲ.

"ಉಡಿ ತುಂಬಾಕ ಸಮುದ್ರನ ಯಾಕ ಬೇಕು ಅತ್ತಿ? ನಮ್ಮ ತುಂಗಭದ್ರಾ ಇಲ್ಲೇ ಐತಲ್ಲ?" ಎಂದೆ.

"ನಿನಗ ತಿಳಿಯಂಗಿಲ್ಲ ಸುಮ್ಮನಿರು. ನಾ ಉಡಿ ತುಂಬಿ, ಮುಂದಿನ ವರ್ಷ ಹೊಳಿ ತುಂಬಲಿಲ್ಲ ಅಂದ್ರ? ಗಂಗಾವತಿ ಮಂದಿ ಭತ್ತ ಒಣಗಿತು ಅಂತ ನನ್ನ ಹೆಸರಲೆ ಬಾಯಿ ಮಾಡೂದಿಲ್ಲೇನು? ಸಮುದ್ರ ಆದ್ರ ಬತ್ತಂಗಿಲ್ಲ. ನನ್ನಂಥಾಕಿ ಕೈಯಿಂದ ಅದಕ್ಕೇನೂ ಆಗಂಗಿಲ್ಲ."

ನಗು ಬಂತು. ನಕ್ಕೆ ಕೂಡ. ಆಮೇಲೆ ಆ ಕೊನೆಯ ಮಾತಿನ ಅರ್ಥ ಹೊಳೆಯಿತು. ಉಡಿಯ ಸಾಮಾನು ಕಟ್ಟಿದ್ದ ಆಕೆಯ ಗಂಟನ್ನು ಜೋಪಾನವಾಗಿ ಚೀಲದಲ್ಲಿ ಇಟ್ಟೆ. ಹಸಿರು ಖಣ, ಕೆಂಪು ದಡಿ. ಆರಿಸಿ ತಂದದ್ದು ಕಂಡರೇ ಗೊತ್ತಾಗುತ್ತಿತ್ತು.

ಅಂಕೋಲಾದಲ್ಲಿ ಮದುವೆ ಮುಗಿಯಿತು. ಅತ್ತೆ ಅಕ್ಷತೆಯ ಹೊತ್ತಿಗೆ ಊಟದ ಮನೆಯಲ್ಲಿ ಕೂತು, ಸಾರಿಗೆ ಖಾರ ಸಾಲದು ಎಂದು ತೀರ್ಪು ಕೊಟ್ಟಳು. ಮರುದಿನ ಬೆಳಗ್ಗೆ, "ಅರ್ಧ ದಿನದಲ್ಲಿ ನಾಲ್ಕು ಕಡಲೂರು, ಗೈಡ್ ಸಮೇತ" ಎಂಬ ಬೋರ್ಡು ನೋಡಿ ನನ್ನ ಗಂಡ ಮಿನಿಬಸ್ಸಿನಲ್ಲಿ ಮೂರು ಸೀಟು ಹಿಡಿದರು. ಗೋಕರ್ಣ, ಕುಮಟಾ, ಹೊನ್ನಾವರ, ಮುರುಡೇಶ್ವರ. ನಾಲ್ಕರಲ್ಲಿ ಒಂದು ಕಡೆಯಾದರೂ ಸಮುದ್ರ ಸಿಗುತ್ತದಲ್ಲ ಎಂಬುದು ನಮ್ಮ ಧೈರ್ಯ.

ಗೈಡು ಆ ಕಡೆಯವರೇ, ನಡುವಯಸ್ಸಿನ ಸಭ್ಯ ಮನುಷ್ಯ. ಕೈಯಲ್ಲಿ ಮೈಕು. "ಇವತ್ತಿನ ಪ್ರವಾಸದಲ್ಲಿ ಯಾರಿಗಾದರೂ ಏನಾದರೂ ಪ್ರಶ್ನೆ ಇದ್ದರೆ ಸಂಕೋಚವಿಲ್ಲದೆ ಕೇಳಿ," ಎಂದರು. ಪಾಪ, ಅದು ಅವರು ಮಾಡಿದ ಮೊದಲ ತಪ್ಪು.

"ಏನ್ರೀ ಅಣ್ಣಾರ, ನಿಮ್ಮದು ಯಾ ಊರು? ನಾಷ್ಟಾ ಆತೇನು?"

ಆಗಿರಲಿಲ್ಲ. ಅತ್ತೆಯ ಬುತ್ತಿ ಬಿಚ್ಚಿಕೊಂಡಿತು. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಕೆಂಪು ಖಾರ. ಗೈಡಿಗೆ, ಡ್ರೈವರಿಗೆ, ಹಿಂದಿನ ಸೀಟಿನ ಹೊಸ ಜೋಡಿಗೆ ಹಂಚಿದಳು, ಯಾರನ್ನೂ ಬಿಡಲಿಲ್ಲ. ಗೋಕರ್ಣದ ಮಹಿಮೆ ಹೇಳಬೇಕಾದ ಹೊತ್ತಿನಲ್ಲಿ ಗೈಡು ಕೆಂಪು ಖಾರ ನೆತ್ತಿಗೇರಿ ಮೈಕಿನಲ್ಲಿಯೇ ಕೆಮ್ಮಿದರು. ಇಡೀ ಬಸ್ಸು ಆ ಕೆಮ್ಮು ಕೇಳುತ್ತ ಗೋಕರ್ಣ ಸೇರಿತು.

ಗೋಕರ್ಣದಲ್ಲಿ ದೇವರ ದರ್ಶನಕ್ಕೆ ಸಾಲು. ಸಾಲು ಮುಗಿಯುವಷ್ಟರಲ್ಲಿ ಸಮುದ್ರದ ಹೊತ್ತು ಮುಗಿದಿತ್ತು. "ಮುಂದೆ ಒಂದು ರೆಸಾರ್ಟಿದೆ ಅಮ್ಮ, ಅಲ್ಲಿಂದ ಸಮುದ್ರ ಫಸ್ಟ್ ಕ್ಲಾಸಾಗಿ ಕಾಣುತ್ತದೆ," ಎಂದು ಗೈಡು ಸಮಾಧಾನ ಮಾಡಿದರು. ಕಂಡಿತು, ನಿಜ. ಕಾಂಪೌಂಡಿನ ಆಚೆ, ಕೆಳಗೆ, ಕಲ್ಲುಬಂಡೆಯ ಬುಡದಲ್ಲಿ. ಇಳಿಯಲು ದಾರಿಯಿಲ್ಲ. ಈಚೆಗೆ ನೀಲಿ ಬಣ್ಣದ ಈಜುಕೊಳ.

"ಸಮುದ್ರದ ಬಾಜೂಕ ಹೊಂಡ ಯಾಕ ತೋಡ್ಯಾರ?" ಎಂದು ಅತ್ತೆ ಕೇಳಿದಳು.

"ಈಜಾಡೋಕೆ ಅಮ್ಮ."

"ಹಂಗಾರ ಅದು ಯಾತಕ್ಕ ಐತಿ?" ಎಂದು ಕಾಂಪೌಂಡಿನ ಆಚೆ ಕೈ ತೋರಿಸಿದಳು. ಗೈಡು ಸಮುದ್ರವನ್ನೊಮ್ಮೆ, ಕೊಳವನ್ನೊಮ್ಮೆ ನೋಡಿದರು. ನಿಮಗೆ ಗೊತ್ತಿದ್ದರೆ ಹೇಳಿ.

ಕೊಳದ ದಂಡೆಯಲ್ಲಿ ಕೆಲವರು ಬಿಸಿಲಿಗೆ ಮೈಯೊಡ್ಡಿ ಮಲಗಿದ್ದರು. ಅತ್ತೆ ಅವರನ್ನು ಮರುಕದಿಂದ ನೋಡಿದಳು. "ಬಿಸಲಾಗ ಮಕ್ಕೊಳ್ಳಾಕ ಇಲ್ಲಿಮಟಾ ಬಂದಾರಲ್ಲೇ! ನಮ್ಮೂರ ಬಾಜೂಕಿನ ಬೇವೂರಿಗೆ ಬರ್ರಿ ಅನ್ನು, ಇದಕ್ಕಿಂತ ಛಲೋ ಬಿಸಲು, ಅದೂ ಪುಕ್ಕಟ."

ಕುಮಟಾದಲ್ಲಿ ಗೇರುಬೀಜದ ಅಂಗಡಿ. ಐದು ನಿಮಿಷ ಎಂದು ನಿಲ್ಲಿಸಿದ ಬಸ್ಸು ಹೊರಡಲೇ ಇಲ್ಲ. ಎಲ್ಲರೂ ಪೊಟ್ಟಣ ಕಟ್ಟಿಸುತ್ತಿದ್ದರೆ ಅತ್ತೆ ಗಂಟನ್ನು ಎದೆಗೆ ಅವಚಿಕೊಂಡು ಬಸ್ಸಿನ ಮೆಟ್ಟಿಲಲ್ಲಿ ಕೂತುಬಿಟ್ಟಳು. ಮುಖ ಸಣ್ಣದಾಗಿತ್ತು. ಗೈಡನ್ನು ಕರೆದು, "ಅಣ್ಣಾರ, ಗೋಡಂಬಿ ಕೊಪ್ಪಳದಾಗೂ ಸಿಗತಾವ. ಸಮುದ್ರ ಸಿಗಂಗಿಲ್ಲ. ನಿಮ್ಮ ಅರ್ಧ ದಿನ ಮುಗಿಯೂದರಾಗ ಒಮ್ಮೆ ಮುಟ್ಟಸ್ರಿ," ಎಂದಳು. ಈ ಸಲ ದನಿಯಲ್ಲಿ ದರ್ಬಾರಿರಲಿಲ್ಲ. ಗೈಡು ಕೈಗಡಿಯಾರ ನೋಡಿಕೊಂಡು, "ಮುರುಡೇಶ್ವರದಲ್ಲಿ ಖಂಡಿತ ಅಮ್ಮ, ನನ್ನ ಜವಾಬ್ದಾರಿ," ಎಂದರು. ಗೋಡಂಬಿ ಕೊಳ್ಳುತ್ತಿದ್ದವರನ್ನು ಅವಸರ ಮಾಡಿ ಬಸ್ಸಿಗೆ ಹತ್ತಿಸಿದ್ದೂ ಅವರೇ.

ಅನಾಹುತವಾದದ್ದು ಹೊನ್ನಾವರದ ಸೇತುವೆಯ ಮೇಲೆ. ಕೆಳಗೆ ಶರಾವತಿ ಅಗಲವಾಗಿ ಹರಿಯುತ್ತಿದ್ದಳು. ಗೈಡು ಹುರುಪಿನಿಂದ ಮೈಕು ಹಿಡಿದು, "ಬಲಗಡೆ ನೋಡಿ, ಶರಾವತಿ ಗಂಡನ ಮನೆ ಸೇರುವ ಜಾಗ!" ಎಂದರು.

"ಗಂಡನ ಮನಿ? ಯಾರ್ರೀ ಗಂಡ?"

"ಸಮುದ್ರರಾಜ ಅಲ್ಲವಾ ಅಮ್ಮ? ನದಿಗಳೆಲ್ಲ ಅವನ ಹೆಂಡಂದಿರು."

ಅತ್ತೆ ಗಂಟನ್ನು ಮಡಿಲಿಗೆ ಎಳೆದುಕೊಂಡಳು. ಸೇತುವೆ ದಾಟಿದ ಮೇಲೆ ನನ್ನ ಕಿವಿಯಲ್ಲಿ ಹೇಳಿದಳು.

"ಸಮುದ್ರ ಗಂಡಸಂತಲ್ಲೇ! ಗಂಡಸಿಗೆ ಉಡಿ ತುಂಬೂದು ಹ್ಯಾಂಗ? ಮಂದಿ ಕೇಳಿದ್ರ ನಕ್ಕಾರು."

"ಬರೂಮುಂದ ಶರಾವತಿಗೇ ತುಂಬು ಅತ್ತಿ," ಎಂದೆ.

"ಹುಚ್ಚಿ! ಆಕಿ ಗಂಡ ಎದುರಿಗೇ ಕುಂತಾನ. ಗಂಡ ಇದ್ದಾಕಿಗೆ ನಾ ತುಂಬಬಾರದು."

ಇದಕ್ಕೆ ಏನು ಹೇಳುತ್ತೀರಿ? ಸಮುದ್ರಕ್ಕೆ ತುಂಬೋಣವೆಂದರೆ ಅವನು ಗಂಡು. ನದಿಗೆ ತುಂಬೋಣವೆಂದರೆ ಆಕೆ ಮುತ್ತೈದೆ. ಯಲಬುರ್ಗಾದಿಂದ ಹೊತ್ತು ತಂದ ಗಂಟು ಅತ್ತೆಯ ಮಡಿಲಲ್ಲಿ ಹಾಗೆಯೇ ಇತ್ತು.

ಸಮಸ್ಯೆಯ ಅರ್ಧವನ್ನು ಮುರುಡೇಶ್ವರ ಬರುವಷ್ಟರಲ್ಲಿ ಆಕೆಯೇ ಬಗೆಹರಿಸಿಕೊಂಡಳು. ಗಂಡಸರಿಗೆ ನಮ್ಮಲ್ಲಿ ಉಡಿಯಿಲ್ಲ, ಆಯೇರಿ ಉಂಟು. ಮದುವೆ ಮುಂಜಿಯಲ್ಲಿ ಬೀಗರಿಗೆ ಟವೆಲ್ಲು ಹೊದಿಸುತ್ತೇವಲ್ಲ, ಅದು. ಅತ್ತೆ ಸೀಟಿನಿಂದ ಎದ್ದು ನನ್ನ ಗಂಡನ ಹೆಗಲ ಮೇಲಿದ್ದ ಹೊಸ ಟವೆಲ್ಲನ್ನು ಎಳೆದುಕೊಂಡಳು. ಹಿಂದಿನ ದಿನ ಮದುವೆಯಲ್ಲಿ ಕೊಟ್ಟದ್ದು.

"ಅತ್ತಿ, ಅದು ನಂದ್ರಿ!"

"ನಿಮಗ ಇನ್ನೊಂದು ಕೊಡಸ್ತೀನಿ ತಗೋರಿ. ಅವನೌನು, ಸಮುದ್ರರಾಜಂತ! ಬರೀಗೈಲೆ ಅವನ ಮನಿಗೆ ಹೋಗೂದಾ?"

ಅಂತೂ ನೀರಿಗಿಳಿದೆವು. ಗೈಡು ಕೊಟ್ಟ ಹೊತ್ತು ಕಾಲು ಗಂಟೆ. ಅತ್ತೆ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಮೊದಲ ತೆರೆ ಪಾದ ಮುಟ್ಟಿದಾಗ "ಅಯ್ಯಯ್ಯ, ಜಗ್ಗತಾನಲ್ಲೇ!" ಎಂದು ನನ್ನ ರಟ್ಟೆ ಹಿಡಿದುಕೊಂಡಳು. ಆಮೇಲೆ ಸುಧಾರಿಸಿಕೊಂಡು, ನೀರಿಗೆ ಕುಂಕುಮ ಹಚ್ಚಿ, ಟವೆಲ್ಲನ್ನು ಎರಡೂ ಕೈಯಿಂದ ಒಪ್ಪಿಸಿದಳು. ಒಂದು ತೆರೆ ಅದನ್ನು ಒಯ್ದಿತು. ಮರುತೆರೆ ತಂದು ನನ್ನ ಗಂಡನ ಕಾಲ ಬಳಿಯೇ ಒಗೆದು ಹೋಯಿತು.

ಬೇರೆಯವರಾಗಿದ್ದರೆ ಬೇಜಾರು ಮಾಡಿಕೊಳ್ಳುತ್ತಿದ್ದರು. ಅತ್ತೆ ಮೆಚ್ಚಿಕೊಂಡಳು. "ತಗೊಂಡಂಗ ಮಾಡಿ ತಿರುಗಿ ಕೊಟ್ಟ ನೋಡು. ದೊಡ್ಡ ಮನಿತನ!"

ಅಷ್ಟರಲ್ಲಿ ಬಸ್ಸಿನ ಹಾರ್ನು ಕೇಳಿತು. ಗೈಡು ದಂಡೆಯ ಮೇಲಿಂದ ಕೈ ಬೀಸುತ್ತಿದ್ದರು. ಅತ್ತೆ ಹಸಿರು ಖಣದ ಗಂಟು ಹಿಡಿದುಕೊಂಡು ನೀರಲ್ಲಿಯೇ ನಿಂತಿದ್ದಳು.

"ಉಡಿ ಕಟ್ಟಿದ್ದು ತಿರುಗಿ ಮನಿಗೆ ಒಯ್ಯಬಾರದು," ಎಂದಳು ತನ್ನಷ್ಟಕ್ಕೆ. "ಯಾರಿಗರ ತುಂಬಬೇಕಿತ್ತು."

ನಾನು ಸೆರಗು ಮುಂದಕ್ಕೆ ತಂದು, ಆಕೆಯ ಎದುರು ಒಡ್ಡಿದೆ. "ನನಗ ತುಂಬು ಅತ್ತಿ."

ಆಕೆ ಹಾವು ತುಳಿದವಳಂತೆ ಹಿಂದೆ ಸರಿದಳು. "ಬ್ಯಾಡ ಬ್ಯಾಡ! ನಿನಗ ಗಂಡ ಅದಾನ. ಅಂವ ಛಲೋ ಇರಬೇಕು. ನನ್ನ ಕೈ..." ಎಂದು ಗಂಟನ್ನು ಬೆನ್ನ ಹಿಂದೆ ಹಿಡಿದಳು. ಕಣ್ಣಲ್ಲಿ ನೀರು ನಿಂತಿತ್ತು. ನನಗೂ ಅಳು ಬಂತು.

ನನ್ನ ಗಂಡ ಹೆಚ್ಚು ಮಾತಿನವರಲ್ಲ. ಬಗ್ಗಿ, ಮರಳು ಮೆತ್ತಿದ ಆ ಒದ್ದೆ ಟವೆಲ್ಲನ್ನು ಎತ್ತಿ, ಹಿಂಡದೆಯೇ ಹೆಗಲ ಮೇಲೆ ಹಾಕಿಕೊಂಡರು. ನೀರು ಅಂಗಿಯ ಮೇಲೆಲ್ಲ ಇಳಿಯಿತು.

"ನೋಡ್ರಿ ಅತ್ತಿ, ಸಮುದ್ರರಾಜ ಸ್ವತಾ ನನಗ ಆಯೇರಿ ಮಾಡ್ಯಾನ. ಇನ್ನ ನನಗೇನಾಗತೈತಿ? ನೀವು ತುಂಬ್ರಿ. ನಾನ ಹೇಳಾಕ್ಹತ್ತೀನಲ್ಲ, ತುಂಬ್ರಿ."

ಅತ್ತೆ ಅವರ ಮುಖವನ್ನು ನೋಡಿದಳು. ಹಾರ್ನು ಇನ್ನೊಮ್ಮೆ ಕೂಗಿತು. "ಏ, ನಿಂದರಸೋ ಅದನ್ನ!" ಎಂದು ದಂಡೆಯ ಕಡೆ ಗದರಿ, ನನ್ನ ಹಣೆಗೆ ಕುಂಕುಮ ಹಚ್ಚಿದಳು. ಬೊಗಸೆ ಬೊಗಸೆಯಾಗಿ ಅಕ್ಕಿ ಹಾಕಿದಳು. ಅರ್ಧ ಅಕ್ಕಿ ನೀರಿಗೆ ಬಿತ್ತು. ಖಣದ ಮಡಿಕೆ ಮಾತ್ರ ಒಂದಿಷ್ಟೂ ಸೊಟ್ಟಾಗಲಿಲ್ಲ.

ಆ ಅಕ್ಕಿಯಿಂದ ಕೊಪ್ಪಳದಲ್ಲಿ ಹುಗ್ಗಿ ಮಾಡಿದೆ. ಎಷ್ಟು ತೊಳೆದರೂ ಉಪ್ಪು ಉಪ್ಪು, ಹಲ್ಲಿಗೆ ಮರಳು. ಅತ್ತೆ ಎದುರಿಗೆ ಕೂತು ನನ್ನ ಗಂಡ ಉಣ್ಣುವುದನ್ನು ಕಣ್ಣು ಮಿಟುಕಿಸದೆ ನೋಡಿದಳು. ಅವರು ಎರಡನೇ ಸಲ ಹಾಕಿಸಿಕೊಂಡು ಉಂಡರು. ಯಲಬುರ್ಗಾಕ್ಕೆ ಹೋದ ಮೇಲೂ ದಿನಾ ಬೆಳಗಾದರೆ ಫೋನು. "ಅಳಿಯಂದಿರು ಆರಾಮ ಅದಾರಿಲ್ಲೋ? ಕೆಮ್ಮೇನರ? ರಾತ್ರಿ ನಿದ್ದಿ ಮಾಡಿದ್ರಾ?" ಅವರ ಗೊರಕೆಯ ವರದಿಯನ್ನು ನಾನು ದಿನಾ ಒಪ್ಪಿಸುತ್ತ ಬಂದೆ.

ನಿನ್ನೆಯೂ ಫೋನು ಬಂತು. ಅಳಿಯನ ಸುದ್ದಿಯನ್ನೇ ಎತ್ತಲಿಲ್ಲ. ನನಗೆ ಗಾಬರಿಯಾಯಿತು.

"ಏನಾತು ಅತ್ತಿ?"

"ಏನಿಲ್ಲ. ಬಾಜೂ ಮನಿ ಸೊಸಿದು ಕುಬಸ ಐತಿ. ಆ ಹುಡುಗಿ ತಾನ ಬಂದು ಕರದು ಹೋಗ್ಯಾಳ, ಅಜ್ಜಿ, ನೀವೂ ಉಡಿ ತುಂಬಬೇಕು ಅಂತ." ಆಮೇಲೆ ಕೇಳಿದಳು. "ಆಕಿ ಕೆಂಪಗದಾಳ. ಖಣ ಹಸರು ತರ್ಲೆನು, ನೀಲಿ ತರ್ಲೆನು?"