ಕಾಕಾ ಅವರಿಗೆಂದು ತೆಗೆದಿಟ್ಟ ತಪ್ಪು

ಅನ್ನ, ಅರಿವೆ, ಸೂರು ಇಷ್ಟಿದ್ದರೆ ಮನುಷ್ಯನಿಗೆ ಸಾಕು ಎನ್ನುವವರು ಯಾವ ಆಫೀಸಿನಲ್ಲೂ ಕೆಲಸ ಮಾಡಿದವರಲ್ಲ. ಇವುಗಳ ಜೊತೆಗೆ ದಿನಕ್ಕೊಂದಾದರೂ ಇನ್ನೊಬ್ಬರ ತಪ್ಪು ಸಿಗಬೇಕು. ಸಿಗದಿದ್ದರೆ ಉಂಡದ್ದು ಮೈಗೆ ಹತ್ತುವುದಿಲ್ಲ. ನಾನೂ ಇದಕ್ಕೆ ಹೊರತಲ್ಲ. ತಾಟಿನ ಮುಂದೆ ಕೂತು ಮೊದಲ ತುತ್ತು ಬಾಯಿಗಿಟ್ಟ ಕೂಡಲೇ ಉಪ್ಪು ಒಂಚೂರು ಕಡಿಮೆ ಎನ್ನುವುದು ಮದುವೆಯಾದಾಗಿನಿಂದ ನನ್ನ ರೂಢಿ. ನನ್ನ ನಾಲಿಗೆ ಬಲು ಸೂಕ್ಷ್ಮ ಎಂದು ನಾಲ್ಕು ಜನರ ಮುಂದೆ ಜಂಬ ಕೊಚ್ಚಿಕೊಂಡೂ ಇದ್ದೇನೆ. ಇರಲಿ, ಈಗ ಹೇಳಹೊರಟಿರುವುದು ನನ್ನ ನಾಲಿಗೆಯ ವಿಷಯವಲ್ಲ, ನಮ್ಮ ಚನ್ನಪ್ಪ ಕಾಕಾ ಅವರ ಕೆಂಪು ಪೆನ್ನಿನ ವಿಷಯ.

ಹುಬ್ಬಳ್ಳಿಯ ಒಂದು ಶಿಕ್ಷಣ ಸಂಸ್ಥೆಯ ಆಫೀಸಿನಲ್ಲಿ ನಾನು ಸೂಪರಿಂಟೆಂಡೆಂಟು, ಅಡ್ಡಹೆಸರು ಅಂಗಡಿ. ದಿನಾ ಧಾರವಾಡದಿಂದ ಬಸ್ಸಿನಲ್ಲಿ ಹೋಗಿಬರುತ್ತೇನೆ. ಕಾಕಾ ಈ ಸಂಸ್ಥೆಯ ಗೌರವ ಕಾರ್ಯದರ್ಶಿ. ಹತ್ತಿರದ ಸುಳ್ಳ ಎಂಬ ಊರಿನವರು, ಆಯುಷ್ಯವನ್ನೆಲ್ಲ ಹತ್ತಿ ವ್ಯಾಪಾರದಲ್ಲಿ ಕಳೆದವರು. ಈಗ ಅದನ್ನು ಮಕ್ಕಳಿಗೆ ಒಪ್ಪಿಸಿ, ಮುಂಜಾನೆಯಾದರೆ ಸ್ಕೂಟರ್ ಹತ್ತಿ ಆಫೀಸಿಗೆ ಬಂದುಬಿಡುತ್ತಾರೆ. ಅವರ ಕಣ್ಣು ತಪ್ಪಿಸಿ ಒಂದು ಕಾಗದವೂ ಹೊರಗೆ ಹೋಗುವಂತಿಲ್ಲ. ಓದುವಾಗ ಕೆಂಪು ಪೆನ್ನಿನ ಟೊಪ್ಪಿಗೆ ತೆಗೆದೇ ಇರುತ್ತದೆ. ತಪ್ಪು ಕಾಣದಿದ್ದರೆ ಅವರಿಗೆ ಸಂಶಯ ಸುರುವಾಗುತ್ತದೆ. ಹಿಂದೊಮ್ಮೆ ನಾನು ಬರೆದ ರಜೆಯ ನೋಟಿಸಿನಲ್ಲಿ ಏನೂ ಸಿಗದೆ, ಮೇಲಿನ ಸಾಲು ಕೆಳಗೆ, ಕೆಳಗಿನದು ಮೇಲೆ ಮಾಡಿಸಿ, ಸಂಜೆಯ ಹೊತ್ತಿಗೆ ನಾನು ಮೊದಲು ಬರೆದದ್ದಕ್ಕೇ ಬಂದು ನಿಂತರು. ಈಗ ಕಾಗದಕ್ಕೊಂದು ಕಳೆ ಬಂತು ಎಂದು ಮೆಚ್ಚಿಕೊಂಡರು.

ಅಂದಿನಿಂದ ನಾನು ಒಂದು ಉಪಾಯ ಕಲಿತೆ. ನೀರೆರೆದ ಕೂಸಿನ ಗಲ್ಲಕ್ಕೆ ತಾಯಿ ದೃಷ್ಟಿಬೊಟ್ಟು ಇಡುವ ಹಾಗೆ, ಪ್ರತಿ ಕಾಗದದಲ್ಲೂ ಬೇಕೆಂದೇ ಒಂದು ತಪ್ಪು ಇಡತೊಡಗಿದೆ. ಸಂಜೆ ಐದಕ್ಕೆ ಇರುವ ಪಾಲಕರ ಸಭೆಯನ್ನು ಮುಂಜಾನೆ ಐದಕ್ಕೆ ಎಂದು ಬರೆದರೆ ಸಾಕು, ಕಾಕಾ ಅವರ ಮುಖ ಅರಳುತ್ತಿತ್ತು. "ಅಂಗಡಿಯವರ, ಮುಂಜಾನೆ ಐದಕ್ಕ ಸಭಾ ಕರದ್ರ ಹಾಲಿನಾಂವ ಒಬ್ಬನ ಬರ್ತಾನ್ರಿ," ಎಂದು ಆ ಸಾಲಿಗೆ ಕೆಂಪು ಸುತ್ತು ಹಾಕಿ, ಉಳಿದದ್ದನ್ನು ಮುಟ್ಟದೆ ಸಹಿ ಮಾಡುತ್ತಿದ್ದರು. ಅಷ್ಟೇ ಅಲ್ಲ, ಆ ಖುಷಿಯಲ್ಲಿ ಓಣಿಯ ಮೂಲೆಯ ಗಾಡಿಯಿಂದ ಇಡೀ ಆಫೀಸಿಗೆ ಬಿಸಿಬಿಸಿ ಮಿರ್ಚಿ ಭಜಿ ತರಿಸುತ್ತಿದ್ದರು. ಹೀಗೆ ನನ್ನ ತಪ್ಪಿನಿಂದ ಎಲ್ಲರ ಹೊಟ್ಟೆ ತಣ್ಣಗಿತ್ತು.

ಅಷ್ಟರಲ್ಲಿ ಆಫೀಸಿಗೆ ಹೊಸ ಕಂಪ್ಯೂಟರ್ ಬಂತು. ಟೈಪ್ ಮಾಡುವ ಪುಟದ ಬಲಬದಿಗೆ ಒಬ್ಬ ಎಐ ಸಹಾಯಕ ಬಂದು ಕೂತುಬಿಟ್ಟ. ಹೇಗೆ ಬೇಕೋ ಹಾಗೆ ನಾಲ್ಕು ಮಾತು ಗೀಚಿದರೆ ಸಾಕು, ತಲೆಬರಹ, ವಿಷಯ, ವಂದನೆಗಳೊಂದಿಗೆ ಕಾಗದ ಸಿದ್ಧ. ನಾನೋ ಧಾರವಾಡದವನು, ಯಂತ್ರವಾದರೇನು, ಏಕವಚನದಲ್ಲಿ ಕೆಲಸ ಹೇಳಲು ಬಾಯಿ ಬರಲಿಲ್ಲ. ಸ್ವಲ್ಪ ತಿದ್ದಿಕೊಡ್ರಿ, ಇನ್ನೊಂಚೂರು ಸಣ್ಣದು ಮಾಡ್ರಿ ಎಂದೇ ಬರೆಯುತ್ತಿದ್ದೆ. ಇದನ್ನು ಮನೆಯಲ್ಲಿ ಹೇಳಿದರೆ ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. "ಇಷ್ಟ ವರ್ಷದಾಗ ನನಗ ಒಮ್ಮೆರ 'ನೀರು ಕೊಡ್ರಿ' ಅಂದೀರೇನು? ಆ ಡಬ್ಬಿಗೆ 'ರಿ' ಹಚ್ಚಿ ಮಾತಾಡ್ತೀರಲ್ಲ," ಎಂದಳು. ನಾನು ಪೇಪರು ಹಿಡಿದು ಕೂತೆ.

ಊಟದ ಹೊತ್ತಿನವರೆಗೆ ಎಳೆಯುತ್ತಿದ್ದ ಕೆಲಸ ಚಹಾ ಬರುವುದರೊಳಗೆ ಮುಗಿಯತೊಡಗಿತು. ನನಗೆ ರೆಕ್ಕೆ ಬಂದಂತಾಗಿತ್ತು. ಆದರೆ ನಾನಿಟ್ಟ ದೃಷ್ಟಿಬೊಟ್ಟನ್ನೂ ಈ ಮಹಾಶಯ ಒರೆಸಿಬಿಡುತ್ತಿದ್ದಾನೆ ಎಂಬುದು ಲಕ್ಷ್ಯಕ್ಕೇ ಬರಲಿಲ್ಲ. ಕಾಕಾ ಕಾಗದವನ್ನು ಓದಿದರು, ಮತ್ತೊಮ್ಮೆ ಓದಿದರು, ತಿರುವಿ ಖಾಲಿ ಬೆನ್ನನ್ನೂ ನೋಡಿದರು. ಸಾಲು ಹಿಂದೆ ಮುಂದೆ ಮಾಡಲೂ ಅವರಿಗೆ ಮನಸ್ಸು ಬರಲಿಲ್ಲ, ಅಷ್ಟು ನುಣ್ಣಗಿತ್ತು. ಛಲೋ ಬಂದೈತಿ ಎಂದು ಸಹಿ ಹಾಕಿ, ಪೆನ್ನಿಗೆ ಟೊಪ್ಪಿಗೆ ಹಾಕಿದರು. ಅಂದು ಮಿರ್ಚಿ ಬರಲಿಲ್ಲ. ಮರುದಿನವೂ ಇಲ್ಲ. ಲೆಕ್ಕಪತ್ರ ನೋಡುವ ಸಾವಿತ್ರಿ ಮೇಡಂ ನನ್ನ ಟೇಬಲ್ಲಿಗೆ ಬಂದು, ಕಾಕಾ ಅವರ ಜೊತೆ ಏನಾದರೂ ಮಾತಿಗೆ ಮಾತು ಬೆಳೆಯಿತೇ ಎಂದು ಮೆಲ್ಲಗೆ ವಿಚಾರಿಸಿದರು. ಕಾರಣ ತಿಳಿದ ಮೇಲೆ, ಇವತ್ತಾದರೂ ಏನಾದರೂ ತಪ್ಪು ಮಾಡಿರಿ ಸರ್ ಎಂದು ಬೇಡಿಕೊಂಡರು.

ಅದೇ ವಾರ ಕಾಕಾ ಕುರ್ಚಿಯಿಂದ ಏಳುತ್ತ ಅಂದರು: "ಇನ್ನ ಕಾಗದಾ ಮನೀಗೆ ಕಳಸ್ರಿ, ಸಹಿ ಮಾಡಿ ಕೊಡ್ತೀನಿ. ಸುಮ್ಮನ ಬಂದು ಕುರ್ಚಿ ಬಿಸಿ ಮಾಡೋದು ಯಾತಕ್ಕ?" ನಾನು ಸ್ಕೂಟರಿನವರೆಗೂ ಅವರ ಹಿಂದೆಯೇ ಹೋದೆ. ಮಿರ್ಚಿಯ ಆಸೆಗಲ್ಲ, ಖರೇ ಹೇಳುತ್ತೇನೆ. ಮುಂಜಾನೆ ಆ ಸ್ಕೂಟರಿನ ಹಾರ್ನು ಕೇಳದಿದ್ದರೆ ನಮ್ಮ ಆಫೀಸೆಂದರೆ ನಾಲ್ಕು ಕಪಾಟು, ಒಂದು ಫ್ಯಾನು, ಅಷ್ಟೇ. ಆ ಮನುಷ್ಯನನ್ನು ನಾನು ಇಷ್ಟು ಹಚ್ಚಿಕೊಂಡಿದ್ದೇನೆಂದು ಆವತ್ತೇ ಗೊತ್ತಾದದ್ದು.

ಶಾಲೆಯ ವಾರ್ಷಿಕ ಸ್ನೇಹ ಸಮ್ಮೇಳನದ ಆಮಂತ್ರಣ ಬರೆಯುವುದಿತ್ತು. ಇದೊಂದನ್ನು ತಾವೇ ಬಂದು ನೋಡಬೇಕೆಂದು ಕಾಕಾ ಅವರಿಗೆ ಫೋನು ಮಾಡಿ ಒಪ್ಪಿಸಿದೆ. ಆಮೇಲೆ ಎಐಗೆ, ಇದರಲ್ಲಿ ಒಂದು ತಪ್ಪು ಸೇರಿಸಿಕೊಡ್ರಿ ಎಂದು ಕೇಳಿದೆ. ತಪ್ಪು ಮಾಹಿತಿಯಿಂದ ಓದುವವರಿಗೆ ತೊಂದರೆಯಾದೀತು, ಬೇಕಾದರೆ ಇನ್ನೊಮ್ಮೆ ತಿದ್ದಿಕೊಡುತ್ತೇನೆ ಎಂದು ವಿನಯದಿಂದ ನುಣುಚಿಕೊಂಡಿತು. ಹೊರಗೆ ಹೋಗುವ ಮುಂಚೆ ಕಾಕಾ ತಿದ್ದಿಯೇ ತಿದ್ದುತ್ತಾರೆ ಎಂದು ಭರವಸೆ ಕೊಟ್ಟು, ಹತ್ತಿ, ಪೆನ್ನು, ಮಿರ್ಚಿ ಎಲ್ಲ ಕಥೆ ಬಿಡಿಸಿ ಬರೆದೆ. ಯಾವುದನ್ನೂ ಎರಡು ಸಲ ಹೇಳಿಸಿಕೊಳ್ಳುವ ನನ್ನ ಭಾವಮೈದುನನಿಗಿಂತ ಬೇಗ ಅದಕ್ಕೆ ಅರ್ಥವಾಯಿತು. ಅಷ್ಟರಲ್ಲಿ ಹೊರಗೆ ಹಾರ್ನು ಕೇಳಿಸಿತು. ಗಡಬಡಿಸಿ ಪ್ರಿಂಟ್ ಒತ್ತಿ, ಹಾಳೆಯನ್ನು ಓದದೆಯೇ ಕಾಕಾ ಅವರ ಟೇಬಲ್ಲಿನ ಮೇಲೆ ಇಟ್ಟುಬಿಟ್ಟೆ.

ಎರಡನೆಯ ಸಾಲಿಗೇ ಕಾಕಾ ನಿಂತರು. ವಂದನಾರ್ಪಣೆಯೊಂದಿಗೆ ಕಾರ್ಯಕ್ರಮ ಆರಂಭವಾಗಿ ಪ್ರಾರ್ಥನೆಯೊಂದಿಗೆ ಮುಕ್ತಾಯವಾಗುವುದು ಎಂದಿತ್ತು. ಅವರ ಮೀಸೆ ಅಲುಗಿತು, ಪೆನ್ನಿನ ಟೊಪ್ಪಿಗೆ ಕಳಚಿತು, ಕೆಂಪು ಸುತ್ತು ಬಿತ್ತು. ನಾನು ಮನಸ್ಸಿನಲ್ಲೇ ಕುಣಿದೆ. ಆದರೆ ಅವರ ಕಣ್ಣು ಕೆಳಗಿಳಿದು ಹಾಳೆಯ ಕೊನೆಗೆ ಹೋಗಿ ಅಲ್ಲೇ ಉಳಿಯಿತು. ಬಗ್ಗಿ ನೋಡಿದರೆ, ಆ ಪುಣ್ಯಾತ್ಮ ಕಾಗದದ ಬುಡದಲ್ಲಿ ನನಗೊಂದು ಮಾತು ಬರೆದಿಟ್ಟಿತ್ತು: "ತಾವು ತಿಳಿಸಿದಂತೆ, ಕಾಕಾ ಅವರಿಗೆ ಸುಲಭವಾಗಿ ಸಿಗುವ ಹಾಗೆ ಎರಡನೆಯ ಸಾಲಿನಲ್ಲಿ ಒಂದು ತಪ್ಪನ್ನು ಇಟ್ಟಿದ್ದೇನೆ. ಅವರಿಗೆ ಸಂತೋಷವಾಗಲಿ. ಇನ್ನೊಂದು ತಪ್ಪು ಬೇಕೇ?"

ನೆಲ ಬಾಯಿ ಬಿಟ್ಟರೆ ಇಳಿದುಬಿಡುತ್ತಿದ್ದೆ. ಕಾಕಾ 'ಸುಲಭವಾಗಿ' ಎಂಬುದನ್ನು ಕೆಂಪು ಪೆನ್ನಿನಿಂದ ಹೊಡೆದುಹಾಕಿದರು. ಆಮೇಲೆ ಕೊನೆಯ ಪ್ರಶ್ನೆಯ ಮುಂದೆ ದುಂಡಗೆ 'ಬೇಕು' ಎಂದು ಬರೆದು ಸಹಿ ಮಾಡಿದರು.

"ಅಂಗಡಿಯವರ, ಹತ್ತಿ ಅಂಡಿಗ್ಯಾಗ ಕೈ ಹಾಕಿ ಒಳಗಿಂದ್ಯಾವುದು, ತೋರ್ಸಾಕ ಮ್ಯಾಲ ಹರವಿದ್ಯಾವುದು ಅಂತ ಹೇಳಾಂವ ನಾ," ಎಂದರು. "ನೀವು ಇಡ್ತಿದ್ದ ತಪ್ಪು ನನಗ ತಿಳೀತಿದ್ದಿಲ್ಲೇನು? ನನಗಂತ ಒಂದು ತಗದು ಇಡ್ತಾರಲ್ಲ ಅಂತನ ದಿನಾ ಬರ್ತಿದ್ದೆ. ಆದ್ರ ನೀವು ಒಂದ ನೀಡಿ ಸುಮ್ಮನಾಗತಿದ್ರಿ. ಇದು ನೋಡ್ರಿ, ಇನ್ನೊಂದು ಬೇಕೇನು ಅಂತ ಕೇಳತೈತಿ."

ಅಂದು ಮಿರ್ಚಿಯ ಜೊತೆಗೆ ಮಂಡಕ್ಕಿಯ ಗಿರ್ಮಿಟ್ಟೂ ಬಂತು. ಸಾವಿತ್ರಿ ಮೇಡಂ ಕಂಪ್ಯೂಟರಿನ ಮುಂದೆಯೂ ಒಂದು ಮಿರ್ಚಿ ಇಟ್ಟು, ಆಮೇಲೆ ಅದನ್ನೂ ತಾವೇ ತಿಂದರು.

ಮನೆಗೆ ಬಂದವನೇ ಹೆಂಡತಿಗೆ ಎಲ್ಲವನ್ನೂ ವರ್ಣಿಸಿದೆ. ಬೇಕೆಂದೇ ಇಟ್ಟ ತಪ್ಪನ್ನು ಹಿಡಿದು ಹಿಗ್ಗುವವರೂ ಇರುತ್ತಾರೆ ನೋಡು ಎಂದು ನಕ್ಕೆ. ಅವಳು ನಾನೆಣಿಸಿದಷ್ಟು ನಗಲಿಲ್ಲ. ತಾಟು ಹಾಕಿ ರೊಟ್ಟಿ, ಬದನೆಕಾಯಿ ಪಲ್ಯ ನೀಡಿದಳು. ಮೊದಲ ತುತ್ತು ಬಾಯಿಗಿಟ್ಟು, ಉಪ್ಪು ಒಂಚೂರು ಕಡಿಮೆ ಎಂದೆ. ಹೌದೇನ್ರಿ ಎಂದಳು. ಉಪ್ಪಿನ ಬಟ್ಟಲಿಗಾಗಿ ಕೈ ಚಾಚಬೇಕಾಗಲಿಲ್ಲ. ಅದು ಮುಚ್ಚಳ ತೆಗೆದು, ಚಮಚ ಹಾಕಿ, ನಾನು ಕೂಡುವ ಮೊದಲೇ ನನ್ನ ತಾಟಿನ ಬಲಕ್ಕೆ ಬಂದು ಕೂತಿತ್ತು. ನಾನು ಬಟ್ಟಲನ್ನು ನೋಡಿದೆ, ಅವಳನ್ನು ನೋಡಿದೆ. ಅವಳು ಬುಟ್ಟಿಯಿಂದ ರೊಟ್ಟಿ ತೆಗೆಯುತ್ತ ಕೇಳಿದಳು:

"ಇನ್ನೊಂದು ಬೇಕೇನ್ರಿ?"

"ಬೇಕ್ರಿ," ಎಂದೆ.