ನೀರು ಕಳೆದ ತೂಕ

೨೦೦೯ರ ಜನವರಿಯಲ್ಲಿ, ಬೈಂದೂರಿಗೆ ಪಶ್ಚಿಮದ ಕಡಲತಡಿಯಲ್ಲಿರುವ ಮೀನು ಮಾರಾಟ ಸಹಕಾರಿ ಸಂಘದ ಆಡಳಿತ ಮಂಡಳಿಯು, ಸಿಬ್ಬಂದಿಯ ದೇಹತೂಕವು ಸಂಘದ ಆಸ್ತಿ ಎಂದು ಸರ್ವಾನುಮತದಿಂದ ಘೋಷಿಸಿತು. ಸಿಬ್ಬಂದಿಯ ತೂಕವನ್ನು ಅತಿ ಹೆಚ್ಚು ಇಳಿಸಿದ ಸಂಘದ ನಿರ್ದೇಶಕರಿಗೆ ಗೋವಾಕ್ಕೆ ಅಧ್ಯಯನ ಪ್ರವಾಸ ಉಂಟೆಂದು ಮೇಲಿನಿಂದ ಸುತ್ತೋಲೆ ಬಂದಿತ್ತು. ಆಸ್ತಿಯನ್ನು ಕರಗಿಸುವ ಅಧಿಕಾರ ಮಂಡಳಿಗೆ ಮೊದಲಿನಿಂದಲೂ ಇತ್ತು.

ಅಭಿಯಾನಕ್ಕೆ ‘ಪುನಃ ಪಥ್ಯ’ ಎಂದು ಹೆಸರಿಟ್ಟರು. ಸಿಬ್ಬಂದಿಯಲ್ಲಿ ನಿಜಕ್ಕೂ ಪಥ್ಯ ಬೇಕಾಗಿದ್ದವನು ತೂಕದ ಗುಮಾಸ್ತ ಅಣ್ಣಯ್ಯ ಒಬ್ಬನೇ. ಅವನಿಗೆ ಸಕ್ಕರೆ ಕಾಯಿಲೆ. ಮೈ ಇಳಿಯದಿದ್ದರೆ ಮಾತ್ರೆ ಸಾಲದು, ದಿನಾ ಇನ್ಸುಲಿನ್ ಸೂಜಿಯೇ ಗತಿ ಎಂದು ಕುಂದಾಪುರದ ಡಾಕ್ಟರು ಹೇಳಿದ್ದರು. ಬಲೆಯಲ್ಲಿ ಬಂದ ಕಡಲಹಾವನ್ನು ಬರಿಗೈಯಲ್ಲಿ ಎತ್ತಿ ಎಸೆಯುವ ಅಣ್ಣಯ್ಯ ಸೂಜಿಗೆ ಹೆದರುತ್ತಿದ್ದ. ಹೆದರಿ ಒಮ್ಮೆ ಸಾಕಷ್ಟು ಇಳಿಸಿಯೂ ಇದ್ದ. ಅಷ್ಟರಲ್ಲಿ ಹಾಲಾಡಿಯಲ್ಲಿ ಹೆಂಡತಿಯ ತಮ್ಮ ರಂಜನನ ಮದುವೆಯಾಯಿತು. ಕೋಳಿ ಸುಕ್ಕದ ಎದುರು ಪಥ್ಯ ನಿಲ್ಲಲಿಲ್ಲ. ಈಗ ತೊಂಬತ್ತು ಕಿಲೋ.

ಪ್ರತಿ ಶನಿವಾರ ಪಥ್ಯದ ಕುರಿತು ಸಭೆ ನಡೆಯಿತು. ಉಪಾಹಾರವಿಲ್ಲದ ಸಭೆ ಸಿಂಧುವಲ್ಲವೆಂದು ಬೈಲಾದಲ್ಲಿ ಇರುವುದರಿಂದ ಗೋಳಿಬಜೆ ತರಿಸಲಾಯಿತು. ಮಾರ್ಚಿನ ಹೊತ್ತಿಗೆ ಸಿಬ್ಬಂದಿಯ ಒಟ್ಟು ತೂಕ ಏರಿತ್ತು. ಪಥ್ಯದ ಅರಿವು ಹೆಚ್ಚಿದ್ದರಿಂದ ಹೀಗಾಗಿದೆ ಎಂದು ವರದಿಯಾಯಿತು.

ಗೋವಾ ಕೈತಪ್ಪುವ ಲಕ್ಷಣ ಕಂಡು ಅಧ್ಯಕ್ಷ ಅಶೋಕರು ಕಾರ್ಯದರ್ಶಿ ಚಂದ್ರಮತಿಯವರಿಂದ ಬೈಲಾ ಓದಿಸಿದರು. ಸಂಘದ ತೂಕದ ಕಾಂಟವೇರಿದ ಯಾವುದೇ ಸರಕಿನಿಂದ, ನೀರು ಮತ್ತು ಐಸಿನ ಬಾಬ್ತು, ಹತ್ತನೇ ಒಂದು ಪಾಲು ಕಳೆಯತಕ್ಕದ್ದು. ಅಣ್ಣಯ್ಯನೇ ಎಷ್ಟೋ ವರ್ಷಗಳಿಂದ ದೋಣಿಯವರ ಬುಟ್ಟಿಗಳಿಂದ ಹೀಗೆ ಕಳೆಯುತ್ತ ಬಂದಿದ್ದ.

“ಅದ್ ಮೀನಿಗ್ ಮಾಡಿದ್ ನಿಯಮ, ಅಧ್ಯಕ್ಷರೆ,” ಎಂದ ಅಣ್ಣಯ್ಯ.

“ಮೀನ್ ಅಂದೇಳಿ ಎಲ್ ಬರ್ದಿತ್? ಕಾಂಟ ಹತ್ತಿದ್ದೆಲ್ಲ ಸರಕೇ.”

“ನನ್ ಮೈಯಂಗ್ ಐಸ್ ಎಲ್ಲಿತ್ ಮರಾಯ್ರೆ?”

“ನೀರಿತ್ತಲೆ? ಬೆಳಿಗ್ಗೆ ನೀರ್ ಕುಡಿಲಿಲ್ಯಾ ನೀನ್?”

“ಕುಡ್ದಿದೆ.”

“ಬರ್ಕಣಿ, ಚಂದ್ರಮತಿ.”

ಸಂಘದ ಗೋಡೆಯ ತೂಕದ ಫಲಕದ ಮೇಲೆ ಅಣ್ಣಯ್ಯ ಎಂಬತ್ತೊಂದಾದ. ಸಿಬ್ಬಂದಿಯೆಲ್ಲ ನಿಂತಲ್ಲೇ ಸಣ್ಣಗಾದರು. ಚಪ್ಪಾಳೆಯ ನಂತರ ಗೋಳಿಬಜೆ ಬಂತು.

ಅಣ್ಣಯ್ಯನ ಹೆಂಡತಿ ಸುಗುಣ ಮೀನಿನ ಬುಟ್ಟಿ ಹೊತ್ತು ಮನೆಮನೆ ತಿರುಗುವವಳು. ತೂಕದ ವಿಷಯದಲ್ಲಿ ಯಾರನ್ನೂ ನಂಬುವವಳಲ್ಲ. “ನಿಮ್ ಬೋರ್ಡಿಗೆ ಸಕ್ರಿ ಕಾಯಿಲೆ ಬಂದದ್ದಾ? ಸೂಜಿ ಹೆಟ್ಟುದ್ ನಿಮ್ ಹೊಟ್ಟಿಗೆ. ಬಾಯ್ ಮುಚ್ಕಂಡ್ ಗಂಜಿ ಉಣ್ಣಿ,” ಎಂದಳು.

ಮಳೆಗಾಲದಲ್ಲಿ ದೋಣಿಗಳು ಕಡಲಿಗಿಳಿಯದ ಅಷ್ಟೂ ದಿನ ಅಣ್ಣಯ್ಯ ಅಳತೆಯ ಗಂಜಿ ಉಂಡ, ಬಸಳೆ ತಿಂದ, ಕೊಡೆ ಹಿಡಿದು ಕಡಲತಡಿಯ ಹೊಯಿಗೆಯಲ್ಲಿ ನಡೆದ. ಪಕ್ಕದ ಮನೆಯಲ್ಲಿ ಬಂಗುಡೆ ಹುರಿಯುವಾಗ ಕಿಟಕಿ ಹಾಕಿಕೊಂಡ. ಆಗಸ್ಟಿನಲ್ಲಿ ಸಂಘದ ಕಾಂಟ ಏರಿದರೆ ಮುಳ್ಳು ಎಂಬತ್ತೊಂದಕ್ಕೆ ಬಂದು ನಿಂತಿತು. ಅವನ ಕಣ್ಣಲ್ಲಿ ನೀರು ಬಂತು.

“ಹ್ವಾಯ್, ಕಾಣಿ! ಈಗ ಖರೇ ಎಂಬತ್ತೊಂದ್!”

“ನೀರ್ ಕಳೀಲಿಲ್ಲೆ ಇನ್ನೂ,” ಎಂದು ಚಂದ್ರಮತಿಯವರು ಎಪ್ಪತ್ತಮೂರು ಎಂದು ಬರೆದರು.

ಇದರಿಂದ ಸಂಘಕ್ಕೆ ಸಂಕಟ ಒದಗಿತು. ಎಪ್ಪತ್ತೈದಕ್ಕಿಂತ ಕೆಳಗಿಳಿದ ಗಂಡಸು ಅಪೌಷ್ಟಿಕನೆಂದೂ, ಅಪೌಷ್ಟಿಕರುಳ್ಳ ಸಂಘ ಬಹುಮಾನಕ್ಕೆ ಅನರ್ಹವೆಂದೂ ಸುತ್ತೋಲೆಯಲ್ಲಿತ್ತು.

“ಯಾರ್ ಹೇಳಿದ್ ನಿಂಗೆ ಇಳಿಸುಕೆ?” ಎಂದು ಅಶೋಕರು ತಲೆಗೆ ಕೈಹೊತ್ತರು. “ನಾವ್ ಇಷ್ಟ್ ಕಷ್ಟಪಟ್ ಇಳಿಸಿದ್ ಸಾಲ್ಲಿಲ್ಯಾ?”

ಮರುದಿನ ಪ್ರಕಟಣೆ ಹೊರಬಿತ್ತು: “ಗುಮಾಸ್ತ ಅಣ್ಣಯ್ಯನವರು ಪೂರ್ವಾನುಮತಿಯಿಲ್ಲದೆ ತೂಕ ಕಳೆದುಕೊಂಡಿರುವುದು ಮಂಡಳಿಯ ಗಮನಕ್ಕೆ ಬಂದಿದೆ. ಸದರಿಯವರು ಪ್ರತಿದಿನ ನಿರ್ದೇಶಕರ ಸಮಕ್ಷಮದಲ್ಲಿ ಬನ್ಸ್ ಹಾಗೂ ಹುರಿದ ಅಂಜಲ್ ಮೀನು ಸೇವಿಸತಕ್ಕದ್ದು. ಒಬ್ಬರೇ ತಿನ್ನುವುದು ಶಿಷ್ಟಾಚಾರವಲ್ಲವಾದ್ದರಿಂದ ನಿರ್ದೇಶಕರೂ ಸೇವಿಸತಕ್ಕದ್ದು.”

ಮೊದಲ ದಿನ ಅಣ್ಣಯ್ಯ ಕೈಕಟ್ಟಿ ಕೂತ. ಅಮಾನತಿನ ಮಾತು ಬಂದ ಮೇಲೆ ಕಣ್ಣುಮುಚ್ಚಿ ಒಂದು ತುಂಡು ತಿಂದ. ವಾರ ಕಳೆಯುವುದರೊಳಗೆ, “ಬಾಲದ್ ತುಂಡ್ ಬ್ಯಾಡ, ನಡೂದ್ ಕೊಡಿ,” ಎನ್ನುತ್ತಿದ್ದ. ಸುಗುಣ ಸಂಘದ ಬಾಗಿಲಿಗೇ ಬಂದು ಬೈದಳು. ಅಧಿಕೃತ ಸೇವನೆಗೆ ಅಡ್ಡಿಪಡಿಸಬಾರದೆಂದು ಅವಳಿಗೆ ತಿಳಿಸಲಾಯಿತು.

ದೀಪಾವಳಿಗೆ ಅಣ್ಣಯ್ಯ ಕಾಂಟದಲ್ಲಿ ತೊಂಬತ್ತು, ಫಲಕದಲ್ಲಿ ಎಂಬತ್ತೊಂದು. ಸಂಘಕ್ಕೆ ಬಹುಮಾನ ಬಂತು. ನಿರ್ದೇಶಕರು ಗೋವಾಕ್ಕೆ ಹೋಗಿ ಅಧ್ಯಯನ ಮುಗಿಸಿ, ಕೆಂಪು ಕಣ್ಣಿನೊಂದಿಗೆ ಹಿಂದಿರುಗಿದರು.

ಅದೇ ವಾರ ಅಣ್ಣಯ್ಯ ಹರಾಜು ಕಟ್ಟೆಯಲ್ಲಿ ತಲೆತಿರುಗಿ ಕೂತ. ಸುಗುಣ ಅವನನ್ನು ಕುಂದಾಪುರಕ್ಕೆ ಕರೆದೊಯ್ದಳು. ರಕ್ತದ ವರದಿ ನೋಡಿದ ಡಾಕ್ಟರು ಸೂಜಿಯ ಪೊಟ್ಟಣ ಹರಿದರು.

“ತೂಕ ನೋಡಿ ಇನ್ಸುಲಿನ್ ಅಳತೆ ಹಾಕಬೇಕು. ಆ ಕಾಂಟದ ಮೇಲೆ ನಿಲ್ಲಿ.”

ಅಣ್ಣಯ್ಯ ಕೂತಲ್ಲಿಂದ ಏಳಲಿಲ್ಲ. “ನಿಲ್ಲೂದ್ ಬ್ಯಾಡ ಡಾಕ್ಟ್ರೆ. ಎಂಬತ್ತೊಂದ್.”

ಡಾಕ್ಟರು ಅವನ ಹೊಟ್ಟೆ ನೋಡಿದರು. ಆಮೇಲೆ ಸುಗುಣಳ ಮುಖ ನೋಡಿದರು.

ಸುಗುಣ ಸೆರಗು ಸರಿಮಾಡಿಕೊಂಡಳು. “ಹೌದ್, ನೀರ್ ಕಳ್ದ್,” ಎಂದಳು.

ಡಾಕ್ಟರು ಎಂಬತ್ತೊಂದು ಎಂದು ಬರೆದುಕೊಂಡರು. ಅಣ್ಣಯ್ಯ ಕಣ್ಣುಮುಚ್ಚಿ ಅಂಗಿ ಎತ್ತಿದ.